ಬಾಣಂತಿ ಖೋಲ್ಯಾಗಿನ ಅಲಾರಾಂ

ಆ ಅಲಾರಾಂ ಡಬ್ಬಿ ಸುದ್ದಿ ಬಂದ್ರ ನನಗ ಈಗೂ ಮೈಯೆಲ್ಲಾ ಉರೀತೈತಿ ನೋಡ್ರಿ. ಸಿಟ್ಟು ಮಾಡ್ಕೋಬ್ಯಾಡ ಅಂತ ಯಾರೂ ನನಗ ಹೇಳಾಕ ಬರಬ್ಯಾಡ್ರಿ.

ನಾನು ವಿದ್ಯಾವತಿ. ಕುಳಗಿ ಹತ್ರ ಒಂದು ಹೋಂಸ್ಟೇದಾಗ ಅಡಗಿ, ಖೋಲಿ ಎಲ್ಲಾ ನೋಡ್ಕೋತೀನಿ. ಥಂಡಿ ದಿನದಾಗ ಬಂದ ಮಂದಿ ಬಾಗಲಾ ಹಾಕ್ಕೊಂಡು ಒಳಗ ಕೆಂಡ ಇಟ್ಕೋತಾರಂತ ನಮ್ಮ ಮಾಲಕರು ಎಲ್ಲಾ ಕಡೆ ಅಲಾರಾಂ ಹಚ್ಚಿಸ್ಯಾರ. ಹೊಗಿಗೊಂದು, ಬೆಂಕಿ ಝಳಕ್ಕೊಂದು, ಕೆಂಡದ ವಿಷಗಾಳಿಗೊಂದು. ಆ ಗಾಳಿಗೆ ಕಾರ್ಬನ್ ಮೊನಾಕ್ಸೈಡ್ ಅಂತಾರ. ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ವಾಸನಿ ಬರಂಗಿಲ್ಲ, ಮಲಗಿದವರು ಮತ್ತ ಏಳಂಗಿಲ್ಲ.

ನನ್ನ ತಂಗಿ ಸುಮಿತಾ ಚೊಚ್ಚಲ ಬಾಣಂತನಕ್ಕ ದಾಂಡೇಲಿಗೆ, ನಮ್ಮ ತವರಿಗೆ ಬಂದಿದ್ಲು. ನಮ್ಮವ್ವ ಶಿವಗಂಗವ್ವ ಬಾಣಂತನ ಮಾಡೂದ್ರಾಗ ಓಣಿಗೆಲ್ಲಾ ಹೆಸರಾದಾಕಿ. ಕಿಡಕಿಗೆ ಕೌದಿ ಬಡೀತಾಳ, ಬಾಗಲ ಸಂದಿಗೆ ಅರಿವಿ ತುರುಕ್ತಾಳ, ಹೊರಸಿನ ಬುಡಕ ಶೇಗಡಿ ತುಂಬ ಕೆಂಡ ಇಡ್ತಾಳ. ತಾಯಿ, ಕೂಸು ಬೆಚ್ಚಗಿರಬೇಕಂತ. ಅಂಗಳದಾಗ ಇದ್ದಲಿ ಹೊತ್ತಿಸಿ, ಹೊಗಿ ಪೂರಾ ಹೋಗಿ ಕೆಂಡ ಕೆಂಪಗಾದಮ್ಯಾಲೆನ ಒಳಗ ತರ್ತಿದ್ಲು.

"ಹೊಗಿನ ಇಲ್ಲಂದಮ್ಯಾಲೆ ಏನ ಆಕ್ಕೈತಿ?" ಅಂತ ನನ್ನ ಕೂಡ ವಾದಾ.

"ಹೊಗಿ ಕಂಡ್ರ ಎದ್ದು ಓಡಬಹುದು ಬೇ. ಇದು ಕಾಣೂದ ಇಲ್ಲ."

"ನಮ್ಮವ್ವನ ಕಾಲದಿಂದ ಹಿಂಗ ಮಾಡ್ಕೋತ ಬಂದೇವಿ. ಈಗ ನಿನ್ನ ಹೋಂಸ್ಟೇದವರು ನನಗ ಬಾಣಂತನ ಕಲಸ್ತಾರೇನ?"

ಜಗಳಾಡಿ ಸಾಕಾಗಿ ಎರಡು ಅಲಾರಾಂ ತಂದು, ಸ್ಟೂಲ್ ಹತ್ತಿ ನಾನ ಹಚ್ಚಿದೆ. ವಿಷಗಾಳೀದು ಬಾಣಂತಿ ಖೋಲ್ಯಾಗ. ಝಳದ್ದು ಅಡಗಿಮನ್ಯಾಗ. ಅಲ್ಲಿ ಹೊಗೀದು ಹಚ್ಚಿದ್ರ ಒಗ್ಗರಣಿ ಹಾಕಿದಾಗೊಮ್ಮೆ ಹೊಯ್ಕೋತೈತಿ. ಝಳದ್ದು ಬೆಂಕಿ ಹತ್ತಿದ್ರಷ್ಟ ಒದರತೈತಿ. ಇಷ್ಟೂ ಬಿಡಿಸಿ ಬಿಡಿಸಿ ಹೇಳಿದೆ. ನಮ್ಮವ್ವ ಅಕ್ಕಿ ಹಸನ ಮಾಡ್ಕೋತ "ಹೂಂ, ಹೂಂ" ಅಂದ್ಲು.

ಮರುದಿನ ಫೋನ್ ಬಂತು. "ಖೋಲ್ಯಾಗಿಂದು ಒದರಿ ಒದರಿ ಕೂಸಿಗೆ ನಿದ್ದಿ ಮಾಡಗೊಡವಲ್ದು. ಬಂದು ಕಿತ್ತುಹಾಕು."

"ಒದರಿದ್ರ ಶೇಗಡಿ ಹೊರಗಿಡು, ಕಿಡಕಿ ತಗಿ! ಡಬ್ಬಿ ಮುಟ್ಟೀ ಅಂದ್ರ ನೋಡು!"

ಸಂಜಿಗೆ ಮತ್ತ ಆಕಿನ ಫೋನ್ ಹಚ್ಚಿ, "ಈಗ ಗಪ್ ಐತಿ ನೋಡವಾ, ಎಲ್ಲಾ ಬರೋಬ್ಬರಿ ಆತು," ಅಂದ್ಲು. ಅಂತೂ ಕಿಡಕಿ ತಗದ್ಲಲ್ಲಾ ಅಂತ ನನಗ ಜೀವಕ್ಕ ಸಮಾಧಾನ ಆತು.

ಸೂಟಿ ಸಿಕ್ಕ ದಿನ ಮಧ್ಯಾಹ್ನ ಮನಿಗೆ ಬಂದೆ. ಅಂಗಳಕ್ಕ ಕೇಳೂ ಹಂಗ ಅಲಾರಾಂ ಹೊಯ್ಕೊಳ್ಳಾಕತ್ತಿತ್ತು. ನಮ್ಮವ್ವ ಅಡಗಿಮನ್ಯಾಗ ಆರಾಮ ಕುಂತು ಬಳ್ಳೊಳ್ಳಿ ಸುಲೀತಿದ್ಲು.

"ಕಿವಿ ಕೇಳ್ಸೂದಿಲ್ಲೇನ ಬೇ?"

"ಮೆಣಸಿನಕಾಯಿ ಹುರದೀನಲ್ಲ, ಅದಕ್ಕ ಒದರಾಕತ್ತೈತಿ. ಇಲ್ಲೇನ ಕೂಸು ಮಲಗಿಲ್ಲಲ್ಲ."

ತಲಿ ಎತ್ತಿ ನೋಡಿದೆ. ಅಡಗಿಮನಿ ಗ್ವಾಡಿ ಮ್ಯಾಲಿದ್ದದ್ದು ವಿಷಗಾಳೀದು!

"ಇದನ್ನ ಇಲ್ಲಿ ಯಾರು ತಂದ್ರು?"

"ನಾನ ಬಾಜೂಮನಿ ಗೋದುಬಾಯಿ ಗಂಡನ ಕಡೆಯಿಂದ ಅದಲುಬದಲು ಮಾಡಿಸೀನಿ. ನೀ ಉಲ್ಟಾ ಹಚ್ಚಿದ್ದಿ ಹುಚ್ಚಿ. ಹೊಗಿ ಇರೋ ಅಡಗಿಮನ್ಯಾಗ ಸುಮ್ಮನ ಇರತಿತ್ತು, ಹೊಗಿನ ಇಲ್ಲದ ಖೋಲ್ಯಾಗ ಒದರತಿತ್ತು! ಗಪ್ ಇರೂದು ಕೂಸಿನ ಹತ್ರ ಇರಲಿ ಅಂತ..." ಅಂತ ಹೆಮ್ಮಿಲೆ ಹೇಳಾಕತ್ತಿದ್ಲು.

ಬಾಣಂತಿ ಖೋಲಿ ಬಾಗಲಾ ಅಡಗಿಮನಿಗೇ ಐತಿ. ಆ ಸಂದ್ಯಾಗಿಂದ ಹೊರಬಿದ್ದ ವಿಷಕ್ಕ ಇಲ್ಲಿ ಇಷ್ಟು ಒದರಾಕತ್ತಿದ್ರ ಒಳಗ ಏನಿರಬೇಕು? ಬಾಗಲಾ ಒದ್ದೆ. ಅರಿವಿ ತುರುಕಿದ್ದಕ್ಕ ಅದು ಲಗೂನ ತೆರೀಲೂ ಇಲ್ಲ. ಹೆಗಲು ಕೊಟ್ಟು ನೂಕಿದೆ.

ಹೊರಸಿನ ಮ್ಯಾಲೆ ಸುಮಿತಾ ಕಣ್ಣು ಅರ್ಧಾ ತಗದು ಬಿದ್ದಿದ್ಲು. ಕರದ್ರ ಓ ಅನ್ನಲಿಲ್ಲ. ಕೂಸಿನ ಕೈ ಎತ್ತಿ ಬಿಟ್ರ ಹಂಗ ಕೆಳಗ ಬಿತ್ತು.

"ಮುಂಜಾನಿಂದ ತಲಿ ಸಿಡೀತೈತಿ ಅಂತಿದ್ಲು. ಥಂಡಿಗಾಳಿ ಹೊಕ್ಕೈತಿ ಅಂತ ಇನ್ನೊಂದಿಷ್ಟು ಕೆಂಡ ಹಾಕೀನಿ," ಅಂದ್ಲು ನಮ್ಮವ್ವ, ನನ್ನ ಬೆನ್ನ ಹಿಂದ ನಿಂತು.

ಆಗ ನನ್ನ ಬಾಯಾಗ ಏನೇನು ಬಂತು ಅಂತ ಕೇಳಬ್ಯಾಡ್ರಿ. ಕೂಸನ್ನ ಅವ್ವನ ಕೈಯಾಗ ಕೊಟ್ಟು, ತಂಗೀನ ಬಗಲಾಗ ಕೈಹಾಕಿ ಅಂಗಳಕ್ಕ ಎಳಕೊಂಡು ಬಂದೆ. ಗೋದುಬಾಯಿ ಆಟೋ ಕರದ್ಲು. ದವಾಖಾನಿ ಮುಟ್ಟೂತನಕ ಅವ್ವನ್ನ ಬೈಕೋತನ ಹೋದೆ.

ಇಬ್ಬರಿಗೂ ಆಕ್ಸಿಜನ್ ಹಚ್ಚಿದ್ರು. ಕೂಸು ಅತ್ತಿದ್ದು ಕೇಳಿದಾಗ ನನಗ ಉಸುರು ಬಂತು. ಸುಮಿತಾ ಕಣ್ಣು ತಗದು ನೀರು ಕೇಳಿದ್ಲು. ಇನ್ನೊಂದೀಟು ತಡಾ ಆಗಿದ್ರ ಇಬ್ಬರೂ ಇರತಿದ್ದಿಲ್ಲ ಅಂದ್ರು ಡಾಕ್ಟರು. ನಾನು ಹೊರಗ ಬಂದು ಬಾಕಿನ ಮ್ಯಾಲೆ ಕುಂತಿದ್ದ ಅವ್ವನ ಮುಂದ ನಿಂತೆ.

"ಕೇಳಿದ್ಯಾ? ನಿನ್ನ ಕೈಯಾರೆ ಕೊಲ್ತಿದ್ದಿ! ಆ ಬಾಗಲಕ್ಕ ಅರಿವಿ ಯಾಕ ತುರುಕ್ತೀ? ಒಂದೀಟು ಗಾಳಿ ಬಂದ್ರ ಏನ ಸಾಯ್ತಾರ?"

ನಮ್ಮವ್ವ ನನ್ನ ಮಾರಿ ನೋಡಲಿಲ್ಲ.

"ನಿನಕಿಂತ ಮೊದಲ ನನಗೊಂದು ಗಂಡು ಕೂಸು ಆಗಿತ್ತು," ಅಂದ್ಲು. ನನಗ ಇದು ಗೊತ್ತ ಇದ್ದಿಲ್ಲ. "ಶೇಗಡಿ ಇಟ್ಟಿದ್ರು. ಮುಂಜಾನೆ ನಾ ಎದ್ದೆ, ಅದು ಏಳಲಿಲ್ಲ. ನನಗೂ ಅವತ್ತು ತಲಿ ಹಿಂಗ ಸಿಡೀತಿತ್ತು. ಬಾಗಲ ಸಂದಿ ಬಿಟ್ಟು ಕೂಸಿಗೆ ಗಾಳಿ ತಗಲಿಸಿದಿ ಅಂತ ನಿಮ್ಮಜ್ಜಿ ಮಂದಿ ಮುಂದ ನನಗ ಬಡದ್ಲು. ಅದಕ್ಕ ನಿಮಗ್ಯಾರಿಗೂ ನಾನು ಸಂದಿ ಬಿಡಲಿಲ್ಲ."

ಆಗ ಮಾರಿ ಎತ್ತಿ ನನ್ನ ನೋಡಿದ್ಲು. ಆಮ್ಯಾಲೆ ಕೇಳಿದ್ಲು, "ಅದೂ ಇದರಿಂದನ ಹೋತೇನ, ವಿದ್ಯಾ?"

ಇಲ್ಲ ಅಂತ ಹೇಳಬೇಕಿತ್ತೇನ್ರಿ ನಾನು? ಇಲ್ಲಂದ್ರ ನಾಳೆ ಮತ್ತ ಕೆಂಡ ತುಂಬತಿದ್ಲು.

"ಹೌದು ಅನ್ನಸ್ತೈತಿ ಬೇ," ಅಂದೆ.

ಅವ್ವ ಎದ್ದು ನಿಂತ್ಲು. ಅಳಲಿಲ್ಲ. ಆಕಿ ಮಾರಿ ಸಿಟ್ಟಿಗೆ ಕೆಂಪಗಾಗಿತ್ತು. ಎಂದೋ ಸತ್ತುಹೋದ ನಮ್ಮಜ್ಜಿ ಎದುರಿಗೇ ನಿಂತಂಗ, ದವಾಖಾನಿ ಮಂದಿಯೆಲ್ಲಾ ಹೊಳ್ಳಿ ನೋಡೂ ಹಂಗ ಚೀರಿದ್ಲು:

"ಮತ್ತ ನನಗ್ಯಾಕ ಬಡದಿ? ಅವತ್ತ ಹೇಳಿದ್ದೆ ನಾನು, ಸಂದಿ ಬಿಟ್ಟಿಲ್ಲ ಅಂತ!"