ರುಚಿ ನೋಡಬಾರದ ಕೋಳಿ

ಇದೇನು ವಾಸನೆ, ಕೋಳಿಯನ್ನು ಇನ್ನೂ ಒಳಗೆ ಇಟ್ಟೇ ಇಲ್ಲವಲ್ಲ — ಓವನ್ನು ಬರಿದೇ ಕಾಯುತ್ತಿದೆ, ಒಳಗಿನ ಕಂಬಿಗಳು ಕೆಂಪಗಾಗಿವೆ, ಗಾಜಿನ ಬಾಗಿಲ ಮೂಲೆಯಲ್ಲಿ ಆ ಕಪ್ಪು ಹನಿ ಎಂದಿನಂತೆ ಅಂಟಿಕೊಂಡಿದೆ, ಆದರೂ ಬೆಲ್ಲ ಸೀದ ಘಮ ಅಡುಗೆಮನೆ ತುಂಬ ಏಳುತ್ತಿದೆ, ಬೆಲ್ಲ ಒಂದೇ ಅಲ್ಲ, ಬೆಳ್ಳುಳ್ಳಿ, ಹುಣಸೆ, ಹಳೆಯ ಎಣ್ಣೆ, ಹೇಮಾಶ್ರೀ ಸೌಟು ಹಿಡಿದವಳು ಹಾಗೇ ನಿಂತಳು, ತನಗಿಂತ ಮೊದಲು ಈ ಮನೆಯ ಸೊಸೆಯಾಗಿದ್ದ ನಂದಿತಾ ತೀರಿಹೋದಮೇಲೆ ಯಾರೂ ಹಚ್ಚದ ಪೆಟ್ಟಿಗೆ ಇದು, ಯಾವುದೋ ಸಂದಿಯಲ್ಲಿ ಉಳಿದಿದ್ದ ಜಿಡ್ಡು ಕಾವಿಗೆ ಎದ್ದಿದೆ, ಅಷ್ಟೇ, ಇನ್ನೇನಿರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು, ಆದರೆ ಜಗಲಿಯಲ್ಲಿ ಚೆಂಡುಹೂ ಪೋಣಿಸುತ್ತಿದ್ದ ಇಂಚರ ಆಗಲೇ ಓಡಿಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ, ಎರಡನೇ ಕ್ಲಾಸಿನ ಹುಡುಗಿ, ಮೂಗು ಮೇಲೆತ್ತಿ, ಕೈಯಲ್ಲಿ ದಾರ ನೇತಾಡುತ್ತ, ಅಮ್ಮ ಬಂದ್ಬಿಟ್ಲಾ, ಅಂತ ಕೇಳುತ್ತಾಳೆ. ಇಲ್ಲ ಪುಟ್ಟಿ, ಇನ್ನೂ ಎಡೆ ಇಟ್ಟಿಲ್ವಲ್ಲ. ಮತ್ತೆ ಅಮ್ಮನ ಕೋಳಿ ವಾಸನೆ ಬತ್ತೈತೆ — ಅಜ್ಜಿಯ ಮಾತೇ ಈ ಮಗುವಿನ ಬಾಯಲ್ಲಿ. ಹೂವು ಬಾಡುತ್ತೆ ಹೋಗು ಎಂದಳು ಹೇಮಾಶ್ರೀ, ಹುಡುಗಿ ಹೋಗಲಿಲ್ಲ.

ಹೋಗದಿದ್ದರೆ ನಿಲ್ಲಲಿ, ನಿಂತು ನೋಡಲಿ, ಇದೆಲ್ಲ ಅವಳಿಗಾಗಿ ತಾನೇ. ಹೋದ ವರ್ಷ ಇದೇ ಮಹಾಲಯ ಅಮಾವಾಸ್ಯೆಯ ಸಂಜೆ, ಹಿರಿಯರ ಹಬ್ಬ, ತಾನು ಈ ಮನೆಗೆ ಕಾಲಿಟ್ಟಮೇಲಿನ ಮೊದಲ ಹಬ್ಬ — ಮಾವನವರ ಎಲೆಗೆ ಮುದ್ದೆ, ಕೋಳಿಸಾರು, ಬೀಡಿ, ಪಕ್ಕದಲ್ಲೇ ನಂದಿತಾಳ ಎಲೆಗೂ ಅದೇ ಮುದ್ದೆ, ಅದೇ ಸಾರು, ಬೀಡಿಯ ಬದಲು ಹೊಸ ಸೀರೆ, ಬಳೆ, ಕುಂಕುಮ, ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿ ಕಾದರು, ಸತ್ತವರು ಬಂದು ಉಂಡು ಹೋಗಲಿ ಎಂದು, ಅತ್ತೆ ರಂಗಮ್ಮ ಬಾಗಿಲು ತಟ್ಟಿ ಒಳಗೆ ಹೋಗಿ ಎಡೆ ಎತ್ತಿದರು, ಪ್ರಸಾದ ಹಂಚಿದರು, ಇಂಚರ ಮಾತ್ರ ಎಲೆಯ ಮುಂದೆ ಕೂತು ಮುಟ್ಟಲಿಲ್ಲ. ಅಮ್ಮ ಸಾರು ತಿಂತಿರ್ಲಿಲ್ಲ, ಖಾರ ಆಯ್ತಿತ್ತು ಅವ್ಳಿಗೆ, ಓವನ್ ಕೋಳಿ ತಿಂತಿದ್ಲು, ಇಷ್ಟ್ ದೂರ ಬಂದು ಹಸ್ಕೊಂಡು ವಾಪಸ್ ಹೋಗವ್ಳೆ. ಅಷ್ಟು ಹೇಳಿ ಹಾಗೇ ಉಪವಾಸ ಮಲಗಿಬಿಟ್ಟಳು, ಎಷ್ಟು ಎಬ್ಬಿಸಿದರೂ ಏಳಲಿಲ್ಲ, ಮಗುವಿನ ಹೊಟ್ಟೆ ಒಳಕ್ಕೆ ಅಂಟಿಕೊಂಡಿತ್ತು. ಅವತ್ತೇ ಹೇಮಾಶ್ರೀ ಅವಳ ಕಿವಿಯಲ್ಲಿ ಹೇಳಿದ್ದಳು, ಬರೋ ವರ್ಷ ನಾನು ಮಾಡಿಕೊಡ್ತೀನಿ ಅಂತ. ಹೇಳುವುದೇನು ಸುಲಭ.

ಮಾಡುವುದು ಹೇಗೆ ಎಂದು ಯಾರಿಗೆ ಗೊತ್ತು. ಗಂಡ ಶಿವಪ್ರಕಾಶ್‌ನನ್ನು ಕೇಳಿದಳು, ಅವರು ಅದನ್ನ ಹೇಗೆ ಮಾಡ್ತಿದ್ರು ರೀ, ಚೆನ್ನಾಗಿರ್ತಿತ್ತು ಅಂದ, ಅಂದವನು ಫ್ಯಾನು ನೋಡುತ್ತ ಮಲಗಿಬಿಟ್ಟ, ಪಾಪ ಅವನನ್ನು ಇನ್ನೆಷ್ಟು ಕೆದಕುವುದು, ನಂದಿತಾ ಮೊಬೈಲಿನಲ್ಲಿ ನೋಡಿ ನೋಡಿ ಕಲಿತವಳು, ಬೀದಿಯ ಮಕ್ಕಳ ಹುಟ್ಟುಹಬ್ಬಕ್ಕೆಲ್ಲ ಕೇಕು ಮಾಡಿಕೊಡುತ್ತಿದ್ದವಳು, ಡೆಂಗ್ಯೂ ಬಂತು, ಹಾಸನಕ್ಕೆ ಕರೆದುಕೊಂಡು ಹೋದರು, ಅಲ್ಲಿಂದ ಹಿಂದಿರುಗಲಿಲ್ಲ. ಅತ್ತೆಯಂತೂ ಕೇಳಿದ್ದೇ ತಡ ನಕ್ಕರು, ಕೋಳೀಗೆ ಯಾರಾದ್ರೂ ಬೆಲ್ಲ ಹಾಕ್ತಾರೇನೆ, ಒಬ್ಬಟ್ಟು ಮಾಡ್ತಿಯೇನೆ, ಅವಳೂ ಹಿಂಗೇ ಆಡ್ತಿದ್ಲು, ಎಂದು ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡು, ಆಮೇಲೆ ಮೆಲ್ಲಗೆ, ನಾನೂ ಎಲ್ಡು ತುಂಡು ತಿಂದಿದ್ದೆ ಕಣೇ, ಚೆನ್ನಾಗೇ ಇತ್ತು. ಉಳಿದದ್ದನ್ನು ಇಂಚರಳಿಂದಲೇ ಹೆಕ್ಕಿದ್ದು — ಸಿಹಿ ಇತ್ತು, ಹುಳೀನೂ ಇತ್ತು, ಕಪ್ಪಗಿತ್ತು, ಕೈಗೆ ಅಂಟುತ್ತಿತ್ತು, ಮೇಲೆ ಎಳ್ಳು. ಅಷ್ಟರಲ್ಲೇ ಹೇಮಾಶ್ರೀ ಅಂದಾಜು ಕಟ್ಟಿದಳು, ಜೋನಿಬೆಲ್ಲ, ಹುಣಸೆರಸ, ಬೆಳ್ಳುಳ್ಳಿ, ಮೆಣಸಿನಪುಡಿ, ಒಂದಿಷ್ಟು ಸೋಯಾ ಸಾಸು, ಎಲ್ಲ ಕುದಿಸಿ ಇಳಿಸಿದರೆ ಬಾಣಲೆಯಲ್ಲಿ ಮಂದವಾಗಿ ಹೊಳೆಯುತ್ತಿದೆ, ನೋಡುವುದಕ್ಕೇನೋ ಸರಿಯಾಗಿದೆ.

ನೋಡುವುದಕ್ಕೆ ಮಾತ್ರ. ಎಡೆಯ ಅಡುಗೆಯನ್ನು ಇಡುವ ಮುಂಚೆ ಬಾಯಿಗೆ ಹಾಕುವಂತಿಲ್ಲ, ಜಾವಗಲ್ಲಿನ ತನ್ನ ತವರಲ್ಲೂ ಇದೇ ಪದ್ಧತಿ, ಯಾರಾದರೂ ರುಚಿ ನೋಡಿದರೆ ಅದು ಎಂಜಲು, ಹಿರಿಯರು ಮೂಸಿ ಹಿಂದಕ್ಕೆ ಹೋಗುತ್ತಾರೆ ಎಂದು ಅವ್ವ ಹೆದರಿಸುತ್ತಿದ್ದಳು, ಸಾರಾದರೆ ಸರಿ, ಕಣ್ಣು ಮುಚ್ಚಿಕೊಂಡು ಮಾಡಬಹುದು, ಕೈಯೇ ಹೇಳುತ್ತದೆ ಉಪ್ಪೆಷ್ಟು ಎಂದು, ಇದು ಜನ್ಮದಲ್ಲಿ ಮಾಡದ ಅಡುಗೆ, ತಿನ್ನದ ಅಡುಗೆ. ಸಾಲದ್ದಕ್ಕೆ ಕೋಳಿ ಬೇರೆ ನಾಟಿ, ಫಾರಂ ಕೋಳಿ ಹಿರೀಕರಿಗೆ ಇಡಾಕಾಯ್ತದಾ ಎಂದು ಅತ್ತೆ ಗಂಡಸಿ ಸಂತೆಯಿಂದಲೇ ತರಿಸಿದ್ದಾರೆ, ನಾಟಿಕೋಳಿಯನ್ನು ಸೀದಾ ಓವನ್ನಿಗೆ ನೂಕಿದರೆ ಚಪ್ಪಲಿಯಾಗುತ್ತದೆ ಎಂದು ಇವಳಿಗೆ ಗೊತ್ತಿತ್ತು, ಅದಕ್ಕೇ ಮೊದಲು ಅರಿಶಿನ ಹಾಕಿ ಕುಕ್ಕರಿನಲ್ಲಿ ಬೇಯಿಸಿಕೊಂಡದ್ದು, ಅರಿಶಿನ ಹಾಕಿದೆ, ಶುಂಠಿ ಹಾಕಿದೆ, ಉಪ್ಪಿನ ಡಬ್ಬಿಗೆ ಕೈ ಚಾಚಿದೆ — ಅಷ್ಟರಲ್ಲಿ ಅತ್ತೆ ಕರೆದರು, ನಂದಿತಂಗೆ ತಂದ ಸೀರೆ ಎಲ್ಲೇ ಇಟ್ಟೆ, ಹೋಗಿ ಬೀರು ತೆಗೆದು ಕೊಟ್ಟು ಬಂದೆ, ಬಂದವಳು ಮುಚ್ಚಳ ಮುಚ್ಚಿ ಒಲೆ ಹಚ್ಚಿದೆ. ಉಪ್ಪು ಹಾಕಿದೆನೋ ಇಲ್ಲವೋ. ಸೋಯಾದಲ್ಲೇ ಉಪ್ಪಿದೆ, ಹಾಕಿದ್ದರ ಮೇಲೆ ಮತ್ತೆ ಹಾಕಿದರೆ ಬಾಯಿಗಿಡಲಾಗದು, ಹಾಕದೇ ಬಿಟ್ಟಿದ್ದರೆ ಬರೀ ಸಪ್ಪೆ ಸಿಹಿ, ಈ ವರ್ಷವೂ ಮಗು ಉಪವಾಸ ಮಲಗುತ್ತಾಳೆ.

ಇರಲಿ, ದೇವರಿದ್ದಾನೆ, ತುಂಡುಗಳಿಗೆ ಬೆಲ್ಲದ ರಸ ಬಳಿದು ತಟ್ಟೆಯನ್ನು ಒಳಗೆ ತಳ್ಳಿದಳು, ಬಾಗಿಲು ಮುಚ್ಚಿದಳು, ಮತ್ತೆ ನಂದಿತಾಳ ಕಾಲದ ಆ ಹನಿ ಕಣ್ಣಿಗೆ ಬಿತ್ತು, ಅದನ್ನು ತೆಗೆಯಲು ತಾನೆಷ್ಟೋ ತಿಕ್ಕಿದ್ದಳು, ಹೊಸದಾಗಿ ಬಂದಾಗ ನಿಂಬೆಹಣ್ಣು, ಸೋಡಾಪುಡಿ, ಕೊನೆಗೆ ಬ್ಲೇಡು ಹಿಡಿದು ಕೂತಿದ್ದಾಗ ಇಂಚರ ಶಾಲೆಯಿಂದ ಬಂದಳು, ಬ್ಯಾಗು ಇಳಿಸಿ ನೋಡುತ್ತ ನಿಂತಳು, ಆ ನೋಟಕ್ಕೆ ಬ್ಲೇಡು ಕೆಳಗಿಟ್ಟದ್ದು, ಓವನ್ನಿಗೆ ಬಟ್ಟೆ ಮುಚ್ಚಿದ್ದು. ಎಲ್ಲರೂ ಹೇಳಿದರು ಅಮ್ಮ ಅನ್ನು, ಚಿಕ್ಕಮ್ಮ ಅನ್ನು, ಹುಡುಗಿ ಏನೂ ಅನ್ನುವುದಿಲ್ಲ, ಹತ್ತಿರ ಬಂದು ನಿಲ್ಲುತ್ತಾಳೆ, ಏನು ಬೇಕೆಂದು ತಾನೇ ಕೇಳಬೇಕು. ಬೇಸರವಿಲ್ಲವೇ, ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಎಡೆಯಲ್ಲಿಟ್ಟ ಸೀರೆಯನ್ನು ನಾಳೆ ತಾನೇ ಉಡಬೇಕು, ಅವಳ ಸೀರೆ, ಅವಳ ಓವನ್ನು, ಅವಳ ಗಂಡ, ಈಗ ಅವಳ ಕೋಳಿಯೂ, ಇದು ಥೇಟ್ ಅವಳದೇ ರುಚಿಗೆ ಬಂದರೆ ಆಮೇಲೆ ತನ್ನದು ಅಂತ ಈ ಮನೆಯಲ್ಲಿ ಏನುಳಿಯಿತು, ಕೆಟ್ಟುಹೋಗಲಿ ಎಂದು ಮನಸ್ಸಿನ ಯಾವುದೋ ಮೂಲೆ ಅಂದಿತಲ್ಲ — ಥೂ, ಮಗು ಹಸಿದುಕೊಂಡು ಮಲಗಲಿ ಅಂತಲಾ, ಅಂಥ ಯೋಚನೆ ಬಂದದ್ದಕ್ಕೆ ಹೇಮಾಶ್ರೀಗೆ ನಾಚಿಕೆಯಾಯಿತು. ಗಾಜಿನಾಚೆ ರಸ ಗುಳ್ಳೆಯೇಳುತ್ತಿದೆ, ತುಂಡುಗಳ ಅಂಚು ಕಪ್ಪಗಾಗುತ್ತಿದೆ, ಬೆಲ್ಲ, ಕಣ್ಣು ಮಿಟುಕಿಸುವುದರಲ್ಲಿ ಸೀಯುತ್ತದೆ, ತೆಗೆದು ಇನ್ನೊಂದು ಸಲ ಬಳಿಯಬೇಕು.

ಬಟ್ಟೆ ಹಿಡಿದು ತಟ್ಟೆಯನ್ನು ಎಳೆದಳು, ಬಟ್ಟೆ ಜಾರಿತು, ಕುದಿಯುವ ರಸ ಬೆರಳಿಗೆ ತಗುಲಿತು, ಅಯ್ಯೋ ಅನ್ನುವಷ್ಟರಲ್ಲಿ ಬೆರಳು ಬಾಯೊಳಗಿತ್ತು. ಸಿಹಿ. ಹುಳಿ. ಬೆಳ್ಳುಳ್ಳಿ. ನಾಲಗೆಗೆ ಅದು ಹಿತವಾಗಿ ಹತ್ತುತ್ತಿರುವಾಗಲೇ ನೆನಪಾಯಿತು, ಮುಗಿಯಿತು, ಎಂಜಲಾಯಿತು, ಎಲ್ಲ ಹಾಳಾಯಿತು, ಬೆರಳು ಬಾಯಲ್ಲೇ ಇಟ್ಟುಕೊಂಡು ತಿರುಗಿದರೆ ಇಂಚರ ನೋಡುತ್ತಿದ್ದಾಳೆ, ಬ್ಲೇಡಿನ ದಿನ ನೋಡಿದಂತೆಯೇ, ಇನ್ನು ಈಕೆ ಕೂಗುತ್ತಾಳೆ, ಅಜ್ಜಿ ಬರುತ್ತಾರೆ, ಈಗ ಇನ್ನೊಂದು ಕೋಳಿ ಎಲ್ಲಿಂದ ತರುವುದು, ಇವಳಮ್ಮ ಈ ಸಲವೂ ಹಸಿದುಕೊಂಡೇ ಹೋಗುತ್ತಾಳೆ, ತನ್ನಿಂದಾಗಿ, ಈ ಹಾಳು ಬೆರಳಿನಿಂದಾಗಿ. ಹುಡುಗಿ ಕೂಗಲಿಲ್ಲ. ಹೂವಿನ ದಾರ ಕಟ್ಟೆಯ ಮೇಲಿಟ್ಟು ಹತ್ತಿರ ಬಂದಳು, ಬಾಣಲೆಯಲ್ಲಿ ಆರಿದ್ದ ರಸಕ್ಕೆ ತನ್ನ ಬೆರಳು ಅದ್ದಿ ಬಾಯಿಗಿಟ್ಟಳು, ಕಣ್ಣು ಮುಚ್ಚಿ ಚೀಪಿದಳು, ಎಷ್ಟೋ ಹೊತ್ತು ಚೀಪಿದಳು. ಅಮ್ಮಂದು ಹಿಂಗಿರ್ಲಿಲ್ಲ, ಎಂದಳು. ಹೇಮಾಶ್ರೀ ಬಾಯಿಂದ ಬೆರಳು ತೆಗೆದಳು. ಅಮ್ಮಂದು ಇನ್ನೂ ಹುಳಿ ಇರ್ತಿತ್ತು, ಇದೂ ಚೆನ್ನಾಗೈತೆ, ಆದ್ರೆ ಉಪ್ಪು ಕಮ್ಮಿ — ಅಮ್ಮ ನಂಗೆ ನೆಕ್ಕಕ್ಕೆ ಕೊಡ್ತಿದ್ಲು, ಉಪ್ಪು ನೋಡೇ ಅಂತಿದ್ಲು, ನಾನ್ ಹೇಳಿದ್‌ಮೇಲೇ ಹಾಕ್ತಿದ್ಲು.

ಹಾಗಾದರೆ ಈ ಕೋಳಿ ಎಂದೂ ಈ ಮಗುವಿನ ಬೆರಳು ತಾಗದೆ ನಂದಿತಾಳ ಬಾಯಿಗೆ ಹೋದದ್ದೇ ಇಲ್ಲ. ಹೇಮಾಶ್ರೀ ಉಪ್ಪಿನ ಡಬ್ಬಿ ತೆಗೆದು ಹಿಡಿದಳು, ಎಷ್ಟು, ಇಷ್ಟಾ, ಇನ್ನೊಂಚೂರು, ಸಾಕು, ಹುಣಸೆ, ಇನ್ನೂ, ಇನ್ನೂ, ಸಾಕು, ಇಬ್ಬರೂ ಮಾತಾಡುತ್ತಿದ್ದುದು ಪಿಸುಮಾತಿನಲ್ಲಿ, ನಡುಮನೆಯಿಂದ ರಂಗಮ್ಮನ ದನಿ ಬಂತು, ಏನ್ರೇ ಅದು ಗುಸುಗುಸು, ಯಾರೂ ರುಚಿಗಿಚಿ ನೋಡಿಲ್ಲ ತಾನೆ. ಹೇಮಾಶ್ರೀ ಅತ್ತೆಯ ಮುಂದೆ ಎಂದೂ ಸುಳ್ಳಾಡಿದವಳಲ್ಲ, ಬಾಯಿ ತೆರೆಯುವ ಮೊದಲೇ ಇಂಚರ ಬೆರಳನ್ನು ಲಂಗಕ್ಕೆ ಒರೆಸಿಕೊಂಡು, ಇಲ್ಲಜ್ಜಿ, ನಾವಿಬ್ರೂ ಯಾರೂ ನೋಡಿಲ್ಲ, ಎಂದು ಕೂಗಿ ಹೇಳಿದಳು. ನಾವಿಬ್ಬರೂ. ಹೇಮಾಶ್ರೀ ತುಂಡುಗಳಿಗೆ ಮತ್ತೆ ರಸ ಬಳಿದಳು, ತಟ್ಟೆಯನ್ನು ಒಳಗೆ ತಳ್ಳುವಾಗ ಚಮಚದ ತುದಿಯಿಂದ ಒಂದು ಹನಿ ತೆರೆದ ಬಾಗಿಲ ಗಾಜಿನ ಮೇಲೆ ಬಿತ್ತು, ಆ ಹಳೆಯದರ ಪಕ್ಕದಲ್ಲೇ, ಒರೆಸಲು ಬಟ್ಟೆ ಎತ್ತಿದಳು, ಇಂಚರ ಅವಳ ಸೆರಗು ಹಿಡಿದುಕೊಂಡಳು, ಹೇಮಾಶ್ರೀ ಬಾಗಿಲು ಮುಚ್ಚಿದಳು, ಬಟ್ಟೆ ಕೈಯಲ್ಲೇ ಉಳಿಯಿತು, ಹೊರಗೆ ಬಾಳೆಎಲೆ ಬಂತು ಎಂದು ಯಾರೋ ಅನ್ನುತ್ತಿದ್ದಾರೆ, ಹೊತ್ತಾಯಿತು, ಎಡೆಗೆ ಇನ್ನೂ ಮುದ್ದೆ ಕಟ್ಟಬೇಕು, ದೀಪಕ್ಕೆ ಎಣ್ಣೆ — ಗಾಜಿನ ಮೇಲೆ ಹನಿ, ಒಂದು ಕಪ್ಪಗೆ, ಒಂದು ಇನ್ನೂ ಕೆಂಪಗೆ, ಕುದಿಯುತ್ತ, ಅಂಟಿಕೊಳ್ಳುತ್ತ.