ನಾಲ್ಕನೇ ಚರಣ

"ಬಾಯಿ ಯಾಕೆ ಅಷ್ಟಗಲ ತೆಗೀತೀಯೇ? ಹಲ್ಲು ಕೀಳೋನ ಮುಂದೆ ಕೂತಿದೀಯಾ?"

ವಾದ್ಯವೃಂದದ ಮೇಷ್ಟ್ರು ಕೈಯೆತ್ತಿ ಸಂಗೀತ ನಿಲ್ಲಿಸಿ ಗದರಿದರು. ಪಿಟೀಲಿನವರು, ಕೊಳಲಿನವರು, ಎಲ್ಲ ಸೇರಿ ಮೂವತ್ತು ಜನ, ಕಿಸಕ್ಕೆಂದರು. ನಾನು ಬಾಯಿ ಚಿಕ್ಕದು ಮಾಡಿಕೊಂಡೆ.

ಮಗ್ಗದ ಶೆಡ್ಡಿನಲ್ಲಿ ಅಂಟಿದ ಚಾಳಿ ಅದು. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಯ ಹತ್ತಿರ ಕೂಗಿದರೂ ಕೇಳದು. ಹಾಗಾಗಿ ನಾವು ದನಿ ತೆಗೆಯುವುದೇ ಇಲ್ಲ. ತುಟಿ ಅಗಲಿಸಿ ಮಾತಾಡುತ್ತೇವೆ, ಎದುರಿನವರು ಕಣ್ಣಲ್ಲಿ ಕೇಳಿಸಿಕೊಳ್ಳುತ್ತಾರೆ. ನನ್ನ ರ‍್ಯಾಪಿನ ಲಯವೂ ಆ ಮಗ್ಗಗಳದ್ದೇ. ನನ್ನ ಹಿಂದೆ ಯಾವ ಕಂಪನಿಯೂ ಇಲ್ಲ; ಫೋನಿನಲ್ಲಿ ರೆಕಾರ್ಡ್ ಮಾಡಿ ನಾನೇ ಬಿಡುತ್ತೇನೆ. ಅದನ್ನು ಎಲ್ಲೋ ಕೇಳಿ ತಲೆ ಕೆಡಿಸಿಕೊಂಡ ಮೇಷ್ಟ್ರು ಮೂವತ್ತು ವಾದ್ಯಕ್ಕೆ ಸ್ವರ ಬರೆದಿದ್ದರು. ನನ್ನ ಮಾತಿನ ಕೆಳಗೆ ಪಿಟೀಲುಗಳು ಎದ್ದು ಬಂದ ಮೊದಲ ದಿನ ನಾನು ಬಚ್ಚಲಿಗೆ ಹೋಗಿ ಅತ್ತಿದ್ದೆ. ಸಭಾಂಗಣ ಮಾತ್ರ ಮಿಲ್ಲಿನ ಧಣಿಯದು. ವಾದ್ಯದವರನ್ನು ಸಾಕುವವನೂ ಅವನೇ.

ಮಿಲ್ಲಿನ ಮೇಸ್ತ್ರಿ ಅಷ್ಟು ಹೊತ್ತೂ ಮುಂದಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ.

"ನಾಲ್ಕನೇ ಚರಣ ಇನ್ನೊಂದ್ಸಲ ಹೇಳೇ."

ಹೇಳಿದೆ. ಅದು ನನ್ನ ಚಿಕ್ಕಮ್ಮನ ಕತೆ. ಮಗ್ಗದ ಬೆಲ್ಟು ಜಡೆ ಎಳೆದುಕೊಂಡು ಅವಳು ಸತ್ತು ಎರಡು ವರ್ಷವಾಯಿತು. ತಲೆಗೆ ಬಟ್ಟೆ ಕಟ್ಟದೆ ಬಂದಳು, ಅವಳದೇ ತಪ್ಪು ಅಂತ ಮಿಲ್ಲಿನವರು ಬರೆದುಕೊಂಡರು. ಏನೂ ನೋಡಿಲ್ಲ ಅಂತ ಪಕ್ಕದ ಮಗ್ಗದಲ್ಲಿದ್ದ ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೈ, ಕೂದಲು ಸಿಕ್ಕದ ಹಾಗೆ ಬೆಲ್ಟಿನ ಮೇಲಿದ್ದ ಕಬ್ಬಿಣದ ಜಾಲರಿಯನ್ನು ಹಿಂದಿನ ದಿನವೇ ಮೇಸ್ತ್ರಿ ಬಿಚ್ಚಿಸಿದ್ದ, ನೂಲು ಹರಿದಾಗಲೆಲ್ಲ ಅದನ್ನು ತೆಗೆದು ಮತ್ತೆ ಕೂರಿಸುವುದರಲ್ಲಿ ಕೆಲಸ ನಿಲ್ಲುತ್ತದೆ ಅಂತ. ಅದನ್ನು ಅಮ್ಮ ಕಂಡಿದ್ದಳು. ಹೇಳಿದ್ದು ನನಗೊಬ್ಬಳಿಗೇ.

"ಜಾಲರಿ ವಿಷ್ಯ ನಿಂಗ್ಯಾರೇ ಹೇಳಿದ್ದು?"

"ಯಾರೂ ಇಲ್ಲ. ನಾನೇ ಕಟ್ಟಿದ್ದು."

"ಕಣ್ಣಾರೆ ಕಂಡೋಳ ಥರ ಕಟ್ಟಿದೀಯಲ್ಲೇ, ಮುಂಡೇದೇ. ನಿಮ್ಮಮ್ಮನೋ, ಇನ್ಯಾರೋ, ಬಾಯಿ ಬಿಟ್ಟೋಳು ಯಾರು ಅಂತ ಸಿಕ್ಕಲಿ. ಕೆಲಸಾನೂ ಇಲ್ಲ, ಮಿಲ್ಲಿನ ಕೋಣೇನೂ ಇಲ್ಲ. ಬೀದೀಲಿ ಬಿದ್ದು ಸಾಯ್ಬೇಕು." ಆಮೇಲೆ ಮೇಷ್ಟ್ರ ಕಡೆ ತಿರುಗಿದ. "ಅದನ್ನ ಕಿತ್ತಾಕಿ. ಮೂರಾದ್ಮೇಲೆ ಸೀದಾ ಮುಕ್ತಾಯ."

ಮೇಷ್ಟ್ರು ವಾದ್ಯದವರ ಕಡೆ ತಲೆಯಾಡಿಸಿದರು. ಮೂವತ್ತು ಪೆನ್ಸಿಲ್ಲುಗಳು ಮೂವತ್ತು ಹಾಳೆಯ ಮೇಲೆ ಗೀಚಿದವು.

ಪ್ರದರ್ಶನದ ದಿನ ಬೆಳಿಗ್ಗೆ ಅಮ್ಮ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತ ಕೇಳಿದಳು.

"ಅದನ್ನ ಹಾಡಲ್ಲ ತಾನೇ?"

"ಇಲ್ಲಮ್ಮ. ಗೀಚಿ ಹಾಕಿದ್ರು."

"ಒಳ್ಳೇದಾಯ್ತು ಬಿಡು."

ಗಂಟು ಹಾಕಿ ಮುಗಿಸಿದರೂ ಅವಳು ಏಳಲಿಲ್ಲ.

"ಅವತ್ತು ಅವಳು ನನ್ನ ಕರೆದ್ಲು ಕಣೇ. ‘ಅಕ್ಕಾ’ ಅಂತ. ತುಟಿ ಕಾಣಿಸ್ತು ನಂಗೆ."

ಮಧ್ಯಾಹ್ನ ಮೂರಕ್ಕೆ ಸಭಾಂಗಣ ತುಂಬಿತು. ಮುಂದೆ ಧಣಿ, ಅವನ ನೆಂಟರು. ಮಿಲ್ಲಿನವರಿಗೆ ಹಿಂದಿನ ಸಾಲುಗಳು. ಮೇಸ್ತ್ರಿ ವೇದಿಕೆಯ ಪಕ್ಕ ನಿಂತು ಯಾರು ಬಂದರು, ಯಾರು ತಪ್ಪಿಸಿಕೊಂಡರು ಅಂತ ಮುಖ ಮುಖ ನೋಡುತ್ತಿದ್ದ. ಮೊದಲ ಚರಣಕ್ಕೆ ಧಣಿ ತಲೆದೂಗಿದ. ಎರಡು ಮುಗಿಯಿತು, ಮೂರು ಮುಗಿಯಿತು. ಅಂಗೈ ಬೆವರಿ ಮೈಕು ಜಾರುತ್ತಿತ್ತು.

ಕೊಳಲೊಂದೇ ನುಡಿಯುವ ತುಣುಕೊಂದು ಅಲ್ಲಿ ಬರುತ್ತಿತ್ತು. ನನ್ನ ಮುಖದಲ್ಲಿ ಅಮ್ಮನಿಗೆ ಏನು ಕಂಡಿತೋ, ಕೊನೆಯ ಸಾಲಿನಿಂದ ಅವಳ ತುಟಿ ಆಡಿತು.

"ಬೇಡ ಕಣೇ. ಜಾಲರಿ ಮಾತು ಎತ್ಬೇಡ. ನಾನೇ ಹೇಳಿದ್ದು ಅಂತ ಗೊತ್ತಾಗತ್ತೆ."

ಅಷ್ಟು ದೂರದಿಂದ, ಅಷ್ಟು ಜನರ ತಲೆಯ ಮೇಲಿಂದ, ಸದ್ದೇ ಇಲ್ಲದೆ. ಯಾರಿಗೆ ತಿಳಿಯುತ್ತದೆ ಅಂದುಕೊಂಡಿದ್ದಳು ಪಾಪ. ನಾನೂ ಹಾಗೇ ಅಂದುಕೊಂಡೆ. ಮೇಸ್ತ್ರಿ ಆಗುವ ಮೊದಲು ಅವನೂ ಹದಿನಾಲ್ಕು ವರ್ಷ ಮಗ್ಗದ ಮುಂದೆ ನಿಂತವನು ಎಂಬುದನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು.

ಅವನು ಅಮ್ಮನನ್ನೇ ನೋಡುತ್ತಿದ್ದ. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿ, ನಮ್ಮದೇ ರೀತಿಯಲ್ಲಿ ತುಟಿ ಅಗಲಿಸಿದ.

"ಸಿಕ್ಕಿದ್ಲು. ನಾಳೆ ಕೋಣೆ ಖಾಲಿ ಮಾಡಿ."

ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಆದರೆ ಸುಮ್ಮನಿದ್ದು ಕಾಪಾಡಬೇಕಾಗಿದ್ದ ಕೆಲಸ, ಕೋಣೆ ಎರಡೂ ಹೋಗಿಯೇ ಹೋಗಿದ್ದವು. ಕೊಳಲು ನಿಂತಿತು, ಮೇಷ್ಟ್ರ ಕೈ ಮುಕ್ತಾಯಕ್ಕೆ ಎದ್ದಿತು. ನಾನು ನಾಲ್ಕನೆಯದನ್ನು ಶುರು ಮಾಡಿದೆ.

"ಬೆಲ್ಟಿಗೆ ಜಾಲರಿ ಇತ್ತು, ಬಿಚ್ಚಿಸಿದವ ಯಾರು?
ಇನ್ನೂ ಬೇಗ, ಇನ್ನೂ ಬೇಗ ಅಂದವ ಯಾರು?"

ವಾದ್ಯದವರು ಹಾಳೆ ನೋಡಿಕೊಂಡು ಬೇರೆಲ್ಲೋ ಹೋಗಿದ್ದರು. ಪಿಟೀಲುಗಳು ನನ್ನ ಮಾತಿಗೆ ಡಿಕ್ಕಿ ಹೊಡೆದು ಒಂದೊಂದೇ ತಣ್ಣಗಾದವು. ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. ಮೇಸ್ತ್ರಿ ಸನ್ನೆ ಮಾಡಿದ, ಮೈಕು ಸತ್ತಿತು. ಮೈಕಿಲ್ಲದೆ ನನ್ನ ದನಿ ಕೊನೆಯ ಸಾಲಿಗೆ ಮುಟ್ಟದೆಂದು ನಾನು ತುಟಿ ಅಗಲಿಸಿದೆ. ಹಾಡು ಮುಗಿಯಿತೆಂದು ಧಣಿ ಚಪ್ಪಾಳೆ ತಟ್ಟಿದ, ನೆಂಟರೂ ತಟ್ಟಿದರು.

ಹಿಂದಿನ ಸಾಲುಗಳಲ್ಲಿ ಒಬ್ಬರೂ ತಟ್ಟಲಿಲ್ಲ. ಉಳಿದೆರಡು ಸಾಲನ್ನು ನಾನು ಬರೀ ತುಟಿಯಲ್ಲಿ ಹೇಳುತ್ತಿದ್ದೆ.

"ಸತ್ತವಳ ಜಡೆಗೆ ತಪ್ಪು ಹೊರಿಸಿ, ಬದುಕಿದವಳ
ಹೆಬ್ಬೆಟ್ಟು ಹಿಡಿದು ಒತ್ತಿಸಿಕೊಂಡವ ಯಾರು?"

ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದು ನನ್ನ ರಟ್ಟೆ ಹಿಡಿದ. "ನಡಿಯೇ ಬೋಳಿಮಗಳೇ, ಹೊರಗೆ."

ಆಗ ಕೊನೆಯ ಸಾಲಿನಲ್ಲಿ ಅಮ್ಮ ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು, ಮುಂದಿನ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅವಳು ದನಿಯೆತ್ತಿ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಇವನೇ. ಬಿಚ್ಚಿಸಿದ್ದು ಇವನೇ. ನಾನು ನೋಡಿದೀನಿ."

ಧಣಿಯ ಚಪ್ಪಾಳೆ ನಿಂತಿತು. ಮುಂದಿನ ಸಾಲಿನ ಕತ್ತುಗಳೆಲ್ಲ ಹಿಂದಕ್ಕೆ ತಿರುಗಿದವು. ಅಮ್ಮ ಕುರ್ಚಿ ಬಿಟ್ಟು, ಸಾಲು ದಾಟಿ, ಹೇಳಿದ್ದನ್ನೇ ಹೇಳುತ್ತ ವೇದಿಕೆಯ ಕಡೆ ನಡೆಯತೊಡಗಿದಳು. ಮೇಸ್ತ್ರಿಯ ಕೈ ಇನ್ನೂ ನನ್ನ ರಟ್ಟೆಯ ಮೇಲೇ ಇತ್ತು. ಅದರ ಹಿಡಿತ ಸಡಿಲವಾಗುತ್ತಿತ್ತು.