ಮೇಲಿನ ತುದಿಯಲ್ಲಿ ಕೂತವರು

ನಾನು ಒಂದು ಶಾವಿಗೆ ಮಣೆ. ಆಳುದ್ದದ ಸಾಗುವಾನಿ ಹಲಗೆ, ಮೈಯುದ್ದಕ್ಕೂ ಸಣ್ಣ ಗೀರುಗಳು, ಕಾಲಿಲ್ಲ. ಹುಟ್ಟುವಾಗಲೇ ನನಗೆ ಹೊಟ್ಟೆಕಿಚ್ಚಿತ್ತು. ಬೆಟಗೇರಿಯ ಬಡಿಗೇರ ಮೌನೇಶಪ್ಪ ಒಂದು ದಿಮ್ಮಿಯನ್ನು ಸೀಳಿದಾಗ ನನ್ನ ಪಕ್ಕದಲ್ಲೇ ಇದ್ದ ಅಗಲವಾದ ಹಲಗೆಯನ್ನು ಬಾಗಿಲಿಗೆಂದು ಎತ್ತಿಟ್ಟ. ನಾನು ಅಂಚಿನ ತುಂಡು. ನನ್ನ ಅಗಲ ಬಾಗಿಲಿಗೆ ಸಾಲಲಿಲ್ಲ. ಅವನು ನನ್ನನ್ನು ಗೋಡೆಗೆ ಒರಗಿಸಿ, ಬಾಗಿಲಿನ ಕೆಲಸವೆಲ್ಲ ಮುಗಿದ ಮೇಲೆ, ಉಳಿಯಿಂದ ಗೀರು ಹಾಕಿದ.

ನಾನು ಬಂದದ್ದು ನೇಕಾರರ ಓಣಿಯ ಕಲ್ಲವ್ವನ ಮನೆಗೆ. ಆ ಬಾಗಿಲು ಹೋದದ್ದು ಓಣಿಯ ಆಚೆ ಬದಿಗೆ, ಸರಿಯಾಗಿ ಎದುರಿಗೆ, ಹುಸೇನಬಿಯ ಮನೆಗೆ. ಓಣಿ ಎಷ್ಟು ಕಿರಿದೆಂದರೆ ಎದುರುಬದುರು ಮಾಳಿಗೆಯಲ್ಲಿ ನಿಂತವರು ಗುಟ್ಟು ಮಾತಾಡಬಹುದು. ದಿನವೂ ನೂರು ಕೈ ಆ ಬಾಗಿಲನ್ನು ಮುಟ್ಟುತ್ತಿದ್ದವು. ನನ್ನನ್ನು ಮುಟ್ಟುತ್ತಿದ್ದದ್ದು ಬೇಸಿಗೆಯಲ್ಲಿ ಮಾತ್ರ.

ಆದರೆ ಆ ಬೇಸಿಗೆ ನನ್ನದು. ಬಿಸಿಲು ಬಲಿತ ಕೂಡಲೇ ಕಲ್ಲವ್ವ ನನ್ನನ್ನು ಅಟ್ಟದಿಂದ ಇಳಿಸಿ, ತೊಳೆದು, ಮಾಳಿಗೆಗೆ ಒಯ್ಯುತ್ತಿದ್ದಳು. ಒಂದು ತುದಿಯನ್ನು ಕಟ್ಟಿಗೆಯ ಪೆಟ್ಟಿಗೆಯ ಮೇಲಿಟ್ಟು ಅದರ ಮೇಲೆ ತಾನು ಕೂರುತ್ತಿದ್ದಳು. ಎಣ್ಣೆ ಹಚ್ಚಿ ನಾದಿದ ಕಣಕವನ್ನು ಎರಡೂ ಅಂಗೈಯಲ್ಲಿ ಒತ್ತಿ ನನ್ನ ಇಳಿಜಾರಿನಲ್ಲಿ ಹೊಸೆಯುತ್ತಿದ್ದಳು. ಎಳೆ ಕೆಳಗಿನ ತುದಿಗೆ ಬಂದು ಇಳಿಯುವಲ್ಲಿ ಹುಸೇನಬಿ ಕೂತಿರುತ್ತಿದ್ದಳು. ಅವಳು ಅದನ್ನು ತುಂಡಾಗದಂತೆ ಜಗ್ಗಿ, ಕೋಲಿಗೆ ಸುತ್ತಿ, ಬಿಸಿಲಿಗೆ ಹಾಕುತ್ತಿದ್ದಳು. ಮೇಲೆ ಕಲ್ಲವ್ವ, ಕೆಳಗೆ ಹುಸೇನಬಿ. ಇದು ಬದಲಾದದ್ದೇ ಇಲ್ಲ. ಒಬ್ಬಳು ಇಲ್ಲದೆ ಇನ್ನೊಬ್ಬಳಿಂದ ಶಾವಿಗೆ ಆಗುತ್ತಿರಲಿಲ್ಲ.

ಇದಕ್ಕೆ ಮುಯ್ಯಿ ಎನ್ನುತ್ತಿದ್ದರು. ಇವತ್ತು ಕಲ್ಲವ್ವನ ಮನೆಯ ಶಾವಿಗೆಗೆ ಹುಸೇನಬಿ ಬಂದರೆ, ನಾಳೆ ಹುಸೇನಬಿಯ ಮನೆಯದಕ್ಕೆ ಕಲ್ಲವ್ವ ಹೋಗಬೇಕು. ಕಲ್ಲವ್ವನ ಶಾವಿಗೆ ಯುಗಾದಿಗೆ, ಬಸವ ಜಯಂತಿಗೆ. ಹುಸೇನಬಿಯದು ರಂಜಾನ್ ಹಬ್ಬದ ಹಾಲಿನ ಪಾಯಸ, ಸುರಕುಂಬಾಕ್ಕೆ. ಮರುದಿನ ಅವಳ ಜೊತೆ ನಾನೂ ಓಣಿ ದಾಟಿ ಹೋಗುತ್ತಿದ್ದೆ. ಆ ಬಾಗಿಲನ್ನು ದಾಟುವಾಗ ಅದರ ಚೌಕಟ್ಟಿಗೆ ಒಮ್ಮೆ ಬಡಿದೇ ಒಳಗೆ ಹೋಗುತ್ತಿದ್ದೆ.

ಆಮೇಲೆ ಪೇಟೆಯಲ್ಲಿ ಶಾವಿಗೆ ಮಿಲ್ಲು ಬಂತು. ರವೆ ಕೊಟ್ಟು ಒಂದು ಸುತ್ತು ಸಂತೆ ಮಾಡಿ ಬರುವಷ್ಟರಲ್ಲಿ ಶಾವಿಗೆ ಸಿದ್ಧ. ಓಣಿಯ ಮಣೆಗಳು ಒಂದೊಂದಾಗಿ ನೀರೊಲೆ ಸೇರಿದವು. ಕಲ್ಲವ್ವ ಮಿಲ್ಲಿನ ಹೆಸರು ತೆಗೆದರೆ ಮುಖ ತಿರುಗಿಸುತ್ತಿದ್ದಳು. ಒಂದು ಬೇಸಿಗೆ ಅವಳ ಮನೆಯದು ಮುಗಿದು, ಮರುದಿನ ಎದುರು ಮನೆಯ ಸರದಿ. ನನ್ನನ್ನು ಹೆಗಲಿಗೆ ಹಾಕಿಕೊಂಡು ಹೊರಟವಳಿಗೆ ಹುಸೇನಬಿ ಹೊಸ್ತಿಲಲ್ಲೇ ನಿಂತು ಹೇಳಿದಳು, ಈ ಸಲ ಬೇಡ ಕಲ್ಲಕ್ಕ, ಮಿಲ್ಲಿಗೇ ಹಾಕಿಸುತ್ತೇನೆ.

ಕಲ್ಲವ್ವ ನನ್ನನ್ನು ಹೊತ್ತುಕೊಂಡೇ ಹಿಂದಿರುಗಿದಳು. ಮುಯ್ಯಿ ತೀರದೆ ಉಳಿಯಿತು. ಅವರ ಮಾತು ನಿಲ್ಲಲಿಲ್ಲ, ಆದರೆ ಎದುರು ಮಾಳಿಗೆಯ ಗುಟ್ಟುಗಳು ನಿಂತವು. ಮರುವರ್ಷದಿಂದ ಕಲ್ಲವ್ವನೂ ಮಿಲ್ಲಿಗೇ ಕಳಿಸಿದಳು. ನಾನು ಅಟ್ಟದ ಮೇಲೆ ಮಲಗಿ ಮಿಲ್ಲನ್ನು ಶಪಿಸಿದೆ. ಕಂಡೇ ಇರದಿದ್ದದ್ದನ್ನು ಅಷ್ಟು ದ್ವೇಷಿಸಬಹುದೆಂದು ಆಗ ಗೊತ್ತಾಯಿತು.

ಮಗ ವೀರಣ್ಣನ ಮದುವೆಯಾಯಿತು. ಸೊಸೆ ಗಿರಿಜೆಗೆ ತವರಿನವರು ಕೊಟ್ಟ ಸಾಮಾನಿನಲ್ಲಿ ಒಂದು ಶಾವಿಗೆ ಮಶಿನ್ನೂ ಇತ್ತು. ಸ್ಟೀಲಿನದು, ಕೈಲೆ ತಿರುವುವಂಥದ್ದು, ಕೆಳಗೆ ಕಚ್ಚಿ ಹಿಡಿಯುವ ಸ್ಕ್ರೂ. ಕಲ್ಲವ್ವ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲು ಬಿಡಲಿಲ್ಲ. ಪೆಟ್ಟಿಗೆ ಸಮೇತ ಅಟ್ಟಕ್ಕೆ ಹಾಕಿಸಿದಳು, ನನ್ನ ಪಕ್ಕಕ್ಕೆ. ಆ ಪೆಟ್ಟಿಗೆಯ ಮೇಲೆ ನಗುವ ಹೆಂಗಸಿನ ಚಿತ್ರವಿತ್ತು. ನಾನು ವರ್ಷಗಟ್ಟಲೆ ಅವಳ ಹಲ್ಲು ನೋಡುತ್ತ ಮಲಗಿದ್ದೆ.

ಹೀಗಿರುವಾಗ ಊರಿಗೆ ಊರೇ ಮುಚ್ಚಿತು. ರೋಗ ಬಂದಿದೆ, ಯಾರೂ ಹೊರಗೆ ಬರಬಾರದು ಎಂದು ಜೀಪಿನಲ್ಲಿ ಕೂಗಿಕೊಂಡು ಹೋದರು. ಮಗ್ಗಗಳು ನಿಂತವು. ಓಣಿಯ ಆ ತುದಿ ಈ ತುದಿಗೆ ಬಿದಿರು ಕಟ್ಟಿದರು. ಮನೆಯವರೆಲ್ಲ ಹೆದರಿದರು. ನನಗೆ ಸಂತೋಷವಾಯಿತು. ಮಿಲ್ಲು ಮುಚ್ಚಿತ್ತು.

ಮನೆಯೊಳಗೆ ಇರುವುದನ್ನು ಅವರು ಕಲಿಯಬೇಕಾಯಿತು. ವೀರಣ್ಣ ಇದ್ದ ಗಡಿಯಾರಗಳನ್ನೆಲ್ಲ ಬಿಚ್ಚಿ ಜೋಡಿಸಿದ, ಒಂದು ನಿಂತೇ ಹೋಯಿತು. ಗಿರಿಜೆ ಹಳೆಯ ಸೀರೆಗಳಿಂದ ಕೌದಿ ಹೊಲಿದಳು. ಕಲ್ಲವ್ವ ಒಡೆದ ಬಕೆಟ್ಟಿನಲ್ಲಿ ಮೆಂತ್ಯ ಬೆಳೆದಳು, ಅದಕ್ಕೆ ದಿನಾ ನೀರು ಹಾಕಿ ಮಾತಾಡಿಸುತ್ತಿದ್ದಳು. ಕೌದಿಗೂ ಮೆಂತ್ಯಕ್ಕೂ ಸಿಕ್ಕ ಕೈ ನನಗೆ ಸಿಗಲಿಲ್ಲವಲ್ಲ ಎಂದು ನಾನು ಅಟ್ಟದಲ್ಲಿ ಒಣಗುತ್ತಿದ್ದೆ.

ರಂಜಾನ್ ಉಪವಾಸ ಶುರುವಾಗಿತ್ತು. ಹುಸೇನಬಿಯ ಅಳಿಯ ಸೊಲ್ಲಾಪುರದಿಂದ ಹೇಗೋ ನಡೆದು, ಲಾರಿ ಹತ್ತಿ ಮನೆ ಸೇರಿದ. ಮರುದಿನ ಅವರ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಈ ಮನೆಯವರು ಹೊರಗೆ ಬರಕೂಡದು, ಯಾರೂ ಒಳಗೆ ಹೋಗಕೂಡದು. ನೂರು ಕೈಯ ಆ ಬಾಗಿಲನ್ನು ಈಗ ಒಂದು ಕೈಯೂ ಮುಟ್ಟುವಂತಿರಲಿಲ್ಲ. ನನ್ನ ಜೀವಮಾನದಲ್ಲಿ ಅದೊಂದು ಸಲ ನನಗೆ ಆ ಬಾಗಿಲಾಗುವ ಆಸೆ ಆಗಲಿಲ್ಲ.

ಅಂದೇ ಕಲ್ಲವ್ವ ನನ್ನನ್ನು ಅಟ್ಟದಿಂದ ಇಳಿಸಿದಳು.

ವೀರಣ್ಣ ಕೇಳಿದ, ಈಗ ಯಾಕೆ ಇದು. ಅವಳು ನನ್ನ ಧೂಳು ಒರೆಸುತ್ತ ಹೇಳಿದಳು, “ಹಬ್ಬಕ್ಕ ಅವರ ಮನ್ಯಾಗ ಒಂದು ಎಳಿ ಶಾವಿಗಿ ಇಲ್ಲ. ನಂದು ಒಂದು ಮುಯ್ಯಿ ಉಳದೈತಿ.”

ಆ ಮನೆಗೆ ಏನೂ ಕೊಡುವಂತಿಲ್ಲ, ಜನ ಏನೇನೋ ಮಾತಾಡುತ್ತಿದ್ದಾರೆ ಎಂದು ಅವನು ಎಗರಾಡಿದ. ಜನ ಆ ಮನೆಯ ಸುರಕುಂಬಾ ಕುಡಿಯುವಾಗ ಮಾತಾಡಿದ್ದರೇನು ಎಂದು ಕೇಳಿ ಅವಳು ಮಾಳಿಗೆ ಹತ್ತಿದಳು.

ಕಲ್ಲವ್ವ ಮೇಲಿನ ತುದಿಯಲ್ಲಿ ಕೂತಳು. ಕೆಳಗೆ ಗಿರಿಜೆ. ಎದುರು ಮಾಳಿಗೆಯಲ್ಲಿ ಹುಸೇನಬಿ ಮೂಗಿಗೆ ಸೆರಗು ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಕಣಕ ನನ್ನ ಗೀರುಗಳಿಗೆ ತಾಗಿತು. ಎಷ್ಟು ವರ್ಷಗಳ ಮೇಲೆ. ನಾನು ಮೈಯೆಲ್ಲ ಕಿವಿಯಾದೆ.

ಎಳೆ ಇಳಿಯಿತು, ಗಿರಿಜೆ ಜಗ್ಗಿದಳು, ತುಂಡಾಯಿತು. ಇನ್ನೊಂದು ಇಳಿಯಿತು, ತುಂಡಾಯಿತು. ಹುಸೇನಬಿಗೆ ತಡೆಯಲಿಲ್ಲ.

“ಕಲ್ಲಕ್ಕ, ನಿನ್ನ ಸೊಸಿ ಶಾವಿಗಿ ಜಗ್ಗಾಕತ್ತಾಳೋ, ಬಾವ್ಯಾಗಿನ ಕೊಡಾ ಜಗ್ಗಾಕತ್ತಾಳೋ?”

ಗಿರಿಜೆಯ ಮುಖ ಕೆಂಪಾಯಿತು. ತಪ್ಪು ಅವಳದಾಗಿರಲಿಲ್ಲ. ಅದು ನನಗೆ ಮಾತ್ರ ಗೊತ್ತಿತ್ತು. ಕಲ್ಲವ್ವನ ಎಡಗೈ ಮೊದಲಿನಂತೆಯೇ ಒತ್ತುತ್ತಿತ್ತು, ಬಲಗೈ ನಡುಗುತ್ತಿತ್ತು. ಹೆಬ್ಬೆರಳು ಮಡಚುತ್ತಿರಲಿಲ್ಲ. ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು, ತೆಳುವಾದಲ್ಲಿ ಕಿತ್ತು ಹೋಗುತ್ತಿತ್ತು. ಅವಳು ಒಂದೆರಡು ಸಲ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೀವಿದಳು. ಸೊಸೆಯನ್ನು ಬೈದಳು. ಮತ್ತೆ ಹೊಸೆದಳು. ಆಮೇಲೆ ಕಣಕವನ್ನು ನನ್ನ ಮೇಲೆಯೇ ಬಿಟ್ಟಳು.

“ಗಿರಿಜಾ,” ಎಂದಳು, “ನಿನ್ನ ಮಶಿನ್ ತಗೊಂಡ ಬಾ.”

ನನಗೆ ಉಳಿಪೆಟ್ಟು ನೆನಪಾಯಿತು.

ನಗುವ ಹೆಂಗಸಿನ ಪೆಟ್ಟಿಗೆ ತೆರೆಯಿತು. ಮಶಿನ್ ಹೊಳೆಯುತ್ತಿತ್ತು, ಒಂದು ದಿನವೂ ದುಡಿಯದ ಹೊಳಪು. ಗಿರಿಜೆ ಅದನ್ನು ಅಡುಗೆ ಕಟ್ಟೆಗೆ ಕೂರಿಸಲು ನೋಡಿದಳು. ಕಲ್ಲಿನ ಕಟ್ಟೆ ದಪ್ಪ, ಸ್ಕ್ರೂ ಕಚ್ಚಲಿಲ್ಲ. ಕುರ್ಚಿಗಳೆಲ್ಲ ಪ್ಲಾಸ್ಟಿಕ್ಕಿನವು. ಮನೆಯಲ್ಲಿ ಅದಕ್ಕೆ ತಕ್ಕ ದಪ್ಪದ ಮರ ಒಂದೇ ಇತ್ತು. ನನ್ನನ್ನು ಮಾಳಿಗೆಯಲ್ಲೇ ಪೆಟ್ಟಿಗೆಯ ಮೇಲೆ ಅಡ್ಡ ಚಾಚಿ, ನನ್ನ ಕೆಳತುದಿಗೆ, ಹುಸೇನಬಿಯ ಬೆರಳುಗಳು ಇರುತ್ತಿದ್ದ ಜಾಗಕ್ಕೆ, ಅದನ್ನು ಕಚ್ಚಿಸಿದರು. ಗಂಡನ ಎರಡನೆಯ ಹೆಂಡತಿಯನ್ನು ಕಂಕುಳಲ್ಲಿ ಎತ್ತಿಕೊಂಡು ಮೆರೆಸು ಎಂದರೆ ಯಾವ ಹೆಂಗಸಿಗೆ ಹೇಗಾದೀತೋ ನನಗೆ ಹಾಗಾಯಿತು.

ಮೊದಲು ನಾನೇ ಗೆದ್ದೆ. ಗಿರಿಜೆ ಅತ್ತೆಯ ಕಣಕವನ್ನೇ ಅದರ ಬಾಯಿಗೆ ತುಂಬಿದಳು. ಅದು ಮಣೆಯ ಕಣಕ. ತಾಸುಗಟ್ಟಲೆ ನಾದಿ, ನೆನೆಸಿ, ಜಗ್ಗಿದಷ್ಟೂ ಬರುವ ಹಾಗೆ ಮೆತ್ತಗೆ ಮಾಡಿದ್ದು. ಮಶಿನ್ನಿಗೆ ಬೇಕಾದದ್ದು ಗಟ್ಟಿ ಹಿಟ್ಟು. ತೂತುಗಳಿಂದ ಹೊರಬಂದ ಎಳೆಗಳು ಪಾತ್ರೆ ಮುಟ್ಟುವ ಮೊದಲೇ ಒಂದಕ್ಕೊಂದು ಅಂಟಿ ಉಂಡೆಯಾದವು. ಹುಸೇನಬಿ ಆ ಕಡೆಯಿಂದ, ಇದು ಶಾವಿಗಿಯೋ ಕಡುಬೋ ಎಂದು ಕೇಳಿದಳು. ನನ್ನ ಗೀರುಗೀರೂ ನಕ್ಕಿತು.

ಕಲ್ಲವ್ವ ನಗಲಿಲ್ಲ. ಡಬ್ಬಿಯ ತಳದಲ್ಲಿ ಉಳಿದ ರವೆಯನ್ನು ಸುರಿದುಕೊಂಡಳು. ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ನಿನ್ನ ತವರಿನಲ್ಲಿ ಎಷ್ಟು ಗಟ್ಟಿ ಕಲಸುತ್ತಾರೆ ಎಂದು ಕೇಳಿದಳು. ಗಿರಿಜೆ ಹೇಳಿದಳು, ಅತ್ತೆ ಕಲಸಿದಳು. ನನ್ನ ಕಲ್ಲವ್ವ ನನ್ನ ಸವತಿಗಾಗಿ ಹಿಟ್ಟು ಕಲಸಿದಳು.

ಗಿರಿಜೆ ಹಿಡಿಕೆ ತಿರುವತೊಡಗಿದಾಗ ನಾನು ಅಲುಗಾಡಿದೆ. ಕೆಳತುದಿ ಭಾರವಾಗಿ ಮೇಲ್ತುದಿ ಎದ್ದೆದ್ದು ಬರುತ್ತಿತ್ತು. ನನ್ನ ಅಂಚಿನಲ್ಲಿ ಒಂದು ಹಳೆಯ ಬಿರುಕಿತ್ತು. ಸ್ಕ್ರೂ ಅದರ ಹತ್ತಿರವೇ ಕಚ್ಚಿತ್ತು. ಒಂದು ಚೂರು ಬಿಟ್ಟುಕೊಟ್ಟಿದ್ದರೆ ಸಾಕಿತ್ತು, ಮಶಿನ್ ನೆಲಕ್ಕೆ ಬಿದ್ದು ನುಜ್ಜಾಗುತ್ತಿತ್ತು. ಬಿಡಬೇಕೆಂದೇ ಇದ್ದೆ.

ಆಗ ಕಲ್ಲವ್ವ ಬಂದು ಮೇಲಿನ ತುದಿಯಲ್ಲಿ ಕೂತಳು. ಹೊಸೆಯಲಿಕ್ಕಲ್ಲ, ನಾನು ಅಲುಗದಿರಲಿ ಎಂದು. ಬಲಗೈಯನ್ನು ನನ್ನ ಮೈಮೇಲೆ ಊರಿದಳು. ಆ ಕೈ ಬಿಸಿಯಾಗಿತ್ತು, ಬಾತಿತ್ತು. ನಾನು ಬಿರುಕನ್ನು ಬಿಗಿಹಿಡಿದೆ. ಒಳ್ಳೆಯತನದಿಂದಲ್ಲ. ಅವಳು ನನ್ನ ಮೇಲೆ ಕೂತಿದ್ದಳು, ಅಷ್ಟೇ.

ಎಳೆಗಳು ಬಿಡಿಬಿಡಿಯಾಗಿ ಇಳಿದವು.

ಶಾವಿಗೆ ಒಣಗಿತು. ಈಗ ದಾಟಿಸುವುದು ಹೇಗೆ. ಬಾಗಿಲಿಗೆ ಕಾಗದ, ಓಣಿಗೆ ಬಿದಿರು. ಎಸೆದರೆ ಪುಡಿಯಾಗುತ್ತದೆ. ಅಮ್ಮನ ಹಟ ನೋಡಿ ನೋಡಿ ಸೋತ ವೀರಣ್ಣನೇ ಕೊನೆಗೆ ನನ್ನನ್ನು ಎತ್ತಿದ. ಮಶಿನ್ ಬಿಚ್ಚಿ ಪಕ್ಕಕ್ಕಿಟ್ಟು, ನನ್ನನ್ನು ನಮ್ಮ ಮಾಳಿಗೆಯ ಗೋಡೆಯಿಂದ ಅವರ ಮಾಳಿಗೆಯ ಗೋಡೆಗೆ ಅಡ್ಡ ಇಟ್ಟ. ನಾನು ಸರಿಯಾಗಿ ಮುಟ್ಟಿದೆ. ಬುಟ್ಟಿಯನ್ನು ನನ್ನ ಬೆನ್ನ ಮೇಲಿಟ್ಟು ಕೋಲಿನಿಂದ ಮೆಲ್ಲಗೆ ನೂಕಿದರು. ನನ್ನ ಕೆಳಗೆ ಖಾಲಿ ಓಣಿ. ಮಶಿನ್ ಮೂಲೆಯಲ್ಲಿ ಕೂತು ನೋಡುತ್ತಿತ್ತು. ಅದು ನೋಡಲಿ ಎಂದೇ ನಾನು ಒಂದಿಷ್ಟೂ ಬಾಗಲಿಲ್ಲ.

ಹುಸೇನಬಿ ಒಂದು ಎಳೆ ತೆಗೆದು ಬಿಸಿಲಿಗೆ ಹಿಡಿದಳು.

“ಎಲ್ಲಾ ಎಳಿ ಒಂದ ಸಮ ಅದಾವ. ಇದು ನಿನ್ನ ಕೈ ಅಲ್ಲ, ಕಲ್ಲಕ್ಕ.”

“ಅಲ್ಲ,” ಎಂದಳು ಕಲ್ಲವ್ವ. ಬಲಗೈ ಎತ್ತಿ ತೋರಿಸಿ, “ಕೈ ಹೋಗೇತಿ.”

ಹುಸೇನಬಿ ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. “ನಂದು ಸೊಂಟಾ ಯಾವಾಗ್ಲೋ ಹೋಗೇತಿ. ಕೆಳಗ ಕುಂತ್ರ ಏಳಾಕ ಬರೂದಿಲ್ಲ. ಅದಕ್ಕ ಆ ವರ್ಷ ಮಿಲ್ಲಿಗೆ ಹಾಕ್ಸತೀನಿ ಅಂದೆ. ನಿನಗ ಹೇಳಿದ್ರ, ಇನ್ನೊಬ್ಬಾಕಿನ್ನ ಕೂಡಿಸ್ಕೊಂತಿ ಅಂತ ನನಗ ಹೊಟ್ಟಿಕಿಚ್ಚು.”

ಕಲ್ಲವ್ವ ಅವಳನ್ನು ಬೈದಳು. ಬಹಳ ಹೊತ್ತು ಬೈದಳು, ಕಣ್ಣು ಒರೆಸಿಕೊಳ್ಳುತ್ತ. ಓಣಿಯ ಮೇಲೆ ಅಡ್ಡ ಮಲಗಿದ್ದ ನನಗೆ ಅಷ್ಟು ವರ್ಷ ಮಿಲ್ಲಿಗೆ ಹಾಕಿದ ಶಾಪವೆಲ್ಲ ದಂಡವಾಯಿತಲ್ಲ ಎನಿಸಿತು.

ಆ ವರ್ಷದಿಂದ ಮಶಿನ್ನಿಗೆ ನಾನೇ ಕಟ್ಟೆ. ಊರು ತೆರೆಯಿತು, ಮಿಲ್ಲೂ ತೆರೆಯಿತು. ಆದರೂ ಬೇಸಿಗೆಯಲ್ಲಿ ಒಂದು ದಿನ ಗಿರಿಜೆ ತಿರುವುತ್ತಾಳೆ, ಹುಸೇನಬಿ ನಮ್ಮ ಮಾಳಿಗೆಗೇ ಬಂದು ಕುರ್ಚಿಯಲ್ಲಿ ಕೂತು ಕೊಂಕು ಆಡುತ್ತಾಳೆ. ಮೇಲಿನ ತುದಿಯಲ್ಲಿ ಕಲ್ಲವ್ವ ಕೂರುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಅವಳು ಹಗುರಾಗುತ್ತಿದ್ದದ್ದು ನನಗೆ ಮಾತ್ರ ತಿಳಿಯುತ್ತಿತ್ತು.

ಹೋದ ಬೇಸಿಗೆಗೆ ಅವಳು ಇರಲಿಲ್ಲ. ಗಿರಿಜೆ ಆ ಜಾಗದಲ್ಲಿ ಒರಳಿನ ಗುಂಡುಕಲ್ಲನ್ನು ತಂದಿಟ್ಟಳು. ಕಲ್ಲು ಭಾರವಾಗಿತ್ತು, ನಾನು ಅಲುಗಲಿಲ್ಲ, ಕೆಲಸ ಸುಸೂತ್ರ ನಡೆಯಿತು. ನನಗೆ ಆ ಕಲ್ಲಿನ ಮೇಲೆ ಎಂಥ ಉರಿ ಎದ್ದಿತೆಂದರೆ, ಬಾಗಿಲು, ಮಿಲ್ಲು, ಮಶಿನ್ ಎಲ್ಲ ಮರೆತೇಹೋದವು.

ಹುಸೇನಬಿ ಕುರ್ಚಿಯಿಂದ ನೋಡುತ್ತಿದ್ದವಳು ಕೋಲೂರಿ ಎದ್ದಳು.

“ಆ ಕಲ್ಲು ತಗಿಯವ್ವಾ. ನಾ ಕುಂದ್ರತೀನಿ.”

ಇಷ್ಟು ವರ್ಷ ಕೆಳತುದಿಯಲ್ಲೇ ಕೂತವಳು ಮೇಲಕ್ಕೆ ಬಂದದ್ದು ಅದೇ ಮೊದಲು. ಅವಳು ಕಲ್ಲಿನಷ್ಟು ಭಾರವಿರಲಿಲ್ಲ. ನಾನು ಸ್ವಲ್ಪ ಅಲುಗಿದೆ. ಗಿರಿಜೆ ನಿಧಾನಕ್ಕೆ ತಿರುವಿದಳು.

ಈಗ ನಾನು ಮಾಳಿಗೆಯ ಮೆಟ್ಟಿಲ ಕೆಳಗೆ ಗೋಡೆಗೆ ಒರಗಿದ್ದೇನೆ. ಗೀರುಗಳು ಸವೆದು ನುಣ್ಣಗಾಗಿವೆ, ಸ್ಕ್ರೂ ಕಚ್ಚಿದಲ್ಲಿ ಒಂದು ದುಂಡನೆಯ ಕುಳಿ ಬಿದ್ದಿದೆ. ಪಕ್ಕದಲ್ಲೇ ಮಶಿನ್, ಅದರ ಹೊಳಪೂ ಹೋಗಿದೆ. ಅದಕ್ಕೆ ಮೇಲಿನ ತುದಿಯಲ್ಲಿ ಯಾರು ಕೂತಿದ್ದರೆಂದು ಗೊತ್ತಿಲ್ಲ. ಕಲ್ಲವ್ವ ಕೂತರೂ, ಕಲ್ಲು ಕೂತರೂ, ಅದಕ್ಕೆ ಎಲ್ಲ ಒಂದೇ. ಬೇಸಿಗೆ ಹತ್ತಿರ ಬಂದಂತೆ, ಅದರ ಈ ನೆಮ್ಮದಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತದೆ.